ಸೊನ್ನೆಗೊಂದು ಅಡ್ಡಗೆರೆ

ಮೊದಲನೆಯದು ಅವನ ಕಣ್ಣಿಗೆ ಬಿದ್ದದ್ದು ಹಿಟ್ಟಿನ ಗಿರಣಿಯ ಪಕ್ಕದಲ್ಲಿ. ಅಲ್ಲಿ ಅಷ್ಟು ದೊಡ್ಡ ಗೋಡೆಯೊಂದಿದೆ ಎಂಬುದೇ ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕರೆಂಟಿನ ಮೀಟರು ಓದುವವನಿಗೆ ಗೋಡೆ ಎಂದರೆ ಮೀಟರಿನ ಪೆಟ್ಟಿಗೆ ಕೂತಿರುವ ಜಾಗ, ಅಷ್ಟೇ. ಅದರ ಮೇಲೇನಿದೆ, ಆಚೆಗೇನಿದೆ ಎಂಬ ಉಸಾಬರಿ ಅವನಿಗೇಕೆ? ಈಗ ಆ ಗೋಡೆಯ ತುಂಬ, ತಾರಸಿಯ ಅಂಚಿನಿಂದ ಚರಂಡಿಯವರೆಗೆ, ಒಂದು ಮೀನು ಬಾಯಿ ತೆರೆದು ನಿಂತಿತ್ತು. ಮೀನಿನ ಹೊಟ್ಟೆಯಲ್ಲಿ ಒಂದು ಮನೆ, ಮನೆಗೊಂದು ಕಿಟಕಿ, ಕಿಟಕಿಯಲ್ಲಿ ದೀಪ. ಗೋಡೆಯ ಹಳೆಯ ಬಿರುಕನ್ನೇ ಕಿವಿರು ಮಾಡಿದ್ದರು, ಮಳೆನೀರಿನ ಕೊಳವೆಯನ್ನು ಬೆನ್ನುಮೂಳೆ ಮಾಡಿದ್ದರು. ಗಿರಣಿಯ ಹಿಟ್ಟಿನ ಧೂಳು ಆಗಲೇ ಅದರ ಬೆನ್ನ ಮೇಲೆ ತೆಳ್ಳಗೆ ಕೂರತೊಡಗಿತ್ತು. ಪರವಾಗಿಲ್ಲವೇ, ಯಾರೋ ಕೈಚಳಕದವರು, ಎಂದುಕೊಂಡು ಬಿಲ್ಲು ತೆಗೆಯುವ ಯಂತ್ರವನ್ನು ಕಂಕುಳಿಗೆ ಸೇರಿಸಿ ಒಂದು ಗಳಿಗೆ ನಿಂತ. ಆಮೇಲೆ ಮೀನಿನ ಕಣ್ಣು ಕಂಡಿತು. ನೀಲಿಯ ಸೊನ್ನೆ, ಅದಕ್ಕೊಂದು ಅಡ್ಡಗೆರೆ. ಗೆರೆ ಎಡಗಡೆ ಕೆಳಗಿನಿಂದ ಹೊರಟು, ಸೊನ್ನೆಯನ್ನು ಸೀಳಿ, ಬಲಗಡೆ ಮೇಲೆ ತುದಿಯಲ್ಲಿ ಸ್ವಲ್ಪ ಬಾಗುತ್ತಿತ್ತು. ಆ ಬಾಗು ಅವನದು. ಒಂದು ಬಾಗಿಲಿನಿಂದ ಮುಂದಿನದಕ್ಕೆ ಹೊರಟ ಕಾಲಿನ ಅವಸರ ಕೈಗೂ ಹತ್ತಿ ಆಗುವ ಬಾಗು. ಅಂಗೈ ಅಗಲದ ತನ್ನ ಗುರುತು ಗಾಡಿಯ ಚಕ್ರದಷ್ಟು ದೊಡ್ಡದಾಗಿ ತನ್ನನ್ನೇ ನೋಡುತ್ತಿತ್ತು. ಗಿರಣಿಯವನು ಒಳಗಿನಿಂದ, "ಏನ್ ಮೀಟರಣ್ಣ, ಮೀನಿಗೂ ಬಿಲ್ಲು ಹಾಕ್ತೀಯಾ?" ಎಂದು ಕೂಗಿದ. ನಗಬೇಕಾಗಿತ್ತು, ನಕ್ಕ.

ಇಲಾಖೆಯ ನಿಯಮ ಬೇರೆಯೇ ಇತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಗಿಲಿಗೆ ಚೀಟಿ ಸಿಕ್ಕಿಸಬೇಕು, ಯಂತ್ರದಲ್ಲಿ 'ಬಾಗಿಲು ಹಾಕಿದೆ' ಎಂಬ ಗುಂಡಿ ಒತ್ತಬೇಕು, ಹಿಂದಿನ ತಿಂಗಳುಗಳ ಸರಾಸರಿ ಹಿಡಿದು ಬಿಲ್ಲು ಬರುತ್ತದೆ. ಚೀಟಿ ಗಾಳಿಗೆ ಹಾರಿಹೋಗುತ್ತಿತ್ತು, ಸೀಮೆಸುಣ್ಣದಲ್ಲಿ ಗೀಚಿದರೆ ಮೊದಲ ಮಳೆಗೇ ಹೋಗುತ್ತಿತ್ತು. ಒಂದು ದಿನ ಮಗಳ ಶಾಲೆಯ ಚೀಲದಿಂದ ನೀಲಿ ಕ್ರೇಯಾನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡ. ಅಂದಿನಿಂದ ಸೊನ್ನೆಗೊಂದು ಅಡ್ಡಗೆರೆ. ಬರಬರುತ್ತ ಆ ಗುರುತು ಇಲಾಖೆಯದಾಗಿ ಉಳಿಯದೆ ಬಡಾವಣೆಯದಾಯಿತು. ಹಾಲಿನವನು ಅದನ್ನು ಕಂಡರೆ ಹಾಲು ಹಾಕದೆ ಮುಂದಕ್ಕೆ ಹೋಗುತ್ತಿದ್ದ, ಪತ್ರಿಕೆಯವನು ಪಕ್ಕದ ಮನೆಗೆ ಎಸೆಯುತ್ತಿದ್ದ, ನೆಂಟರು ಬಂದವರು ಕರೆಗಂಟೆ ಒತ್ತದೆ ಹಾಗೇ ವಾಪಸು ತಿರುಗುತ್ತಿದ್ದರು. ಮನೆಗೆ ಬಂದವರು ಗುರುತನ್ನು ಮೊದಲು ಒರೆಸಿ ಆಮೇಲೆ ಬೀಗ ತೆಗೆಯುವುದು ರೂಢಿಯಾಗಿತ್ತು. ಅವನಿಗೂ ಒಳಗೊಳಗೇ ಹೆಮ್ಮೆ. ಜನ್ಮದಲ್ಲಿ ಎಲ್ಲೂ ಸಹಿಗೆ ಬೆಲೆ ಸಿಕ್ಕದವನ ಒಂದು ಗೀಚಿಗೆ ಇಷ್ಟು ಜನ ಮರ್ಯಾದೆ ಕೊಡುತ್ತಾರಲ್ಲ. ಈ ಮರ್ಯಾದೆಯಿಂದ ಕೆಟ್ಟ ಅಭ್ಯಾಸವೊಂದು ಅಂಟಿಕೊಂಡದ್ದು ಯಾವಾಗ ಎಂದು ಅವನಿಗೇ ಹೇಳಲು ಬರುವುದಿಲ್ಲ. ಬಿಸಿಲು ಜಾಸ್ತಿಯಾದ ದಿನ, ನಾಯಿ ಇರುವ ಮನೆ, ಮೂರನೆಯ ಮಹಡಿ, ಬಿಲ್ಲು ಕಂಡೊಡನೆ ಜಗಳಕ್ಕೆ ನಿಲ್ಲುವ ಗಂಡಸು: ಇಂಥ ಕಡೆ ಬಾಗಿಲು ತಟ್ಟದೆಯೇ ಗುರುತು ಹಾಕಿಬಿಡುವುದು. ಒಮ್ಮೆ ಕಚೇರಿಯಲ್ಲಿ ಮೇಲಧಿಕಾರಿ ಎಲ್ಲರ ಎದುರಿಗೆ, "ಏನಯ್ಯ, ನಿನ್ನ ಏರಿಯಾದಲ್ಲಿ ಜನ ಮನೇಲಿ ಇರೋದೇ ಇಲ್ವೇನು? ಊರು ಬಿಟ್ಟು ಹೋದ್ರಾ?" ಎಂದಿದ್ದರು. ಟೈಪು ಮಾಡುತ್ತಿದ್ದ ಹುಡುಗಿಯೂ ಕೈ ನಿಲ್ಲಿಸಿ ನಕ್ಕಿದ್ದಳು. ಆ ನಗು ಎಷ್ಟೋ ದಿನ ಅವನ ಬೆನ್ನ ಮೇಲೆ ಬೆವರಿನ ಹಾಗೆ ಅಂಟಿಕೊಂಡಿತ್ತು.

ಎರಡನೆಯದು ಕ್ಷೌರದಂಗಡಿಯ ಹಿಂದಿನ ಸಂದಿಯಲ್ಲಿ ಸಿಕ್ಕಿತು. ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂತ ಹಕ್ಕಿಗಳು. ತಂತಿ ಎಂದರೆ ಚಿತ್ರದ್ದಲ್ಲ, ಗೋಡೆಗೆ ಮೊಳೆ ಹೊಡೆದು ಎಳೆದಿದ್ದ ನಿಜವಾದ ತಂತಿ. ಪ್ರತಿ ಹಕ್ಕಿಗೂ ಒಂದೇ ಕಣ್ಣು, ಅದೇ ಕಣ್ಣು. ಶಾಲೆಯ ಕಾಂಪೌಂಡಿನ ಮೇಲೆ ಒಬ್ಬಳು ಹುಡುಗಿ ದಾರ ಹಿಡಿದು ಓಡುತ್ತಿದ್ದಳು, ದಾರದ ತುದಿಯಲ್ಲಿ ಗಾಳಿಪಟವಿಲ್ಲ, ಸೊನ್ನೆ ಮತ್ತು ಗೆರೆ. ನೀರಿನ ಟ್ಯಾಂಕಿನ ಕಾಲುಗಳ ಮೇಲೆ ದೊಡ್ಡ ದೊಡ್ಡ ಎಲೆಗಳು, ಎಲೆಗಳ ನಡುವೆ ಹಣ್ಣುಗಳಂತೆ ಜೋತುಬಿದ್ದ ಅವೇ ಸೊನ್ನೆಗಳು. ಜನ ಸಂಜೆ ಮಕ್ಕಳನ್ನು ಕರೆದುಕೊಂಡು ಬಂದು ನೋಡುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು, ನಮ್ಮ ಬಡಾವಣೆಗೆ ಕಳೆ ಬಂತು ಎನ್ನುತ್ತಿದ್ದರು. ಅವನು ಮಾತ್ರ ಮುಂದಿನ ತಿರುವಿನಲ್ಲಿ ಏನು ಕಾದಿದೆಯೋ ಎಂದು ಹೆಜ್ಜೆ ಎಣಿಸುವವನ ಹಾಗೆ ನಡೆಯತೊಡಗಿದ. ಒಂದು ಮಧ್ಯಾಹ್ನ ಟ್ಯಾಂಕಿನ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದಾಗ ಹೊಳೆಯಿತು: ಗಿರಣಿ, ಕ್ಷೌರದಂಗಡಿ, ಶಾಲೆ, ಟ್ಯಾಂಕು. ಅವನು ತಿಂಗಳು ತಿಂಗಳೂ ನಡೆಯುವ ದಾರಿ ಇದೇ ಕ್ರಮದಲ್ಲಿದೆ. ಯಾರೋ ಅವನ ಬೆನ್ನು ಹತ್ತಿ ಬರುತ್ತಿಲ್ಲ, ಅವನಿಗಿಂತ ಮುಂದೆ ಹೋಗುತ್ತಿದ್ದಾರೆ. ಟ್ಯಾಂಕು ದಾಟಿದರೆ ಉಳಿಯುವುದು ಒಂದೇ ಓಣಿ. ಅರ್ಧ ಬುತ್ತಿ ಹಾಗೇ ಬಿಟ್ಟು, ನೀರು ಕುಡಿದು ಡಬ್ಬಿ ಮುಚ್ಚಿಟ್ಟ.

ಆ ಓಣಿಯ ಕೊನೆಯ ಮನೆ ಹೊಲಿಗೆ ಅಜ್ಜಿಯದು. ತಗಡಿನ ಬಾಗಿಲು, ಒಳಗೆ ಉದ್ದನೆಯ ಓಣಿಯಂಥ ನಡುಮನೆ, ಅದರ ಗೋಡೆಯಲ್ಲಿ ಮೀಟರು, ಮೀಟರಿನ ಕೆಳಗೇ ಹೊಲಿಗೆ ಯಂತ್ರ. ಒಬ್ಬಳೇ. ಮಗ ಊರಿನ ಇನ್ನೊಂದು ತುದಿಯಲ್ಲಿ. ಮೊದಮೊದಲು ಅವನು ಆ ಮನೆಯನ್ನು ಕೊನೆಗೆಂದೇ ಉಳಿಸಿಕೊಳ್ಳುತ್ತಿದ್ದ, ಕೂರಲು ಮಣೆ, ಕುಡಿಯಲು ನೀರು ಸಿಗುತ್ತಿತ್ತು. "ಬಾ ಮಗಾ, ನಿನ್ನ ಮೀಟರು ಎಲ್ಲೂ ಓಡಿಹೋಗಲ್ಲ, ಕೂತ್ಕೋ" ಎನ್ನುತ್ತಿದ್ದಳು. ಅವನ ಅಂಗಿಯ ಜೇಬು ಹರಿದಿದ್ದನ್ನು ಕಂಡು, ಅಂಗಿ ತೆಗೆಯಲು ಅವನು ನಾಚಿಕೊಂಡಾಗ, ಮೈಮೇಲಿದ್ದಂತೆಯೇ ಸೂಜಿ ಹಾಕಿ ಹೊಲಿದುಕೊಟ್ಟಿದ್ದಳು. ಎದೆಗೆ ಅಷ್ಟು ಹತ್ತಿರದಲ್ಲಿ ಸೂಜಿ ಆಡುತ್ತಿದ್ದರೂ ಒಮ್ಮೆಯೂ ಚುಚ್ಚಲಿಲ್ಲ. ಆದರೆ ಮಾತು! ಗುಂಡಿಗಳ ಡಬ್ಬಿಯನ್ನು ಸುರುವಿ ಒಂದೊಂದು ಗುಂಡಿಯೂ ಯಾರ ಅಂಗಿಯದೆಂದು ಹೇಳಲು ಶುರುಮಾಡಿದರೆ ಸೂರ್ಯ ಮುಳುಗಿದರೂ ಮುಗಿಯುತ್ತಿರಲಿಲ್ಲ. ಏಳೋಣವೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ಪ್ರೀತಿ ತೋರಿಸುವವರ ಮೇಲೆ ಬರುವಷ್ಟು ಸಿಟ್ಟು ಬೈಯುವವರ ಮೇಲೂ ಬರುವುದಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಒಂದು ತಿಂಗಳು ತಟ್ಟದೆ ಗುರುತು ಹಾಕಿ ಹೋದ. ಮುಂದಿನ ತಿಂಗಳು, "ಕಳೆದ ಸಲ ನಾನು ಮನೇಲೇ ಇದ್ದೆನಲ್ಲ ಮಗಾ, ತಟ್ಟಿದ್ದು ಕೇಳಿಸಲೇ ಇಲ್ಲ, ಕಿವಿ ಮಂದ ಆಯ್ತೋ ಏನೋ" ಎಂದು ತನ್ನ ಕಿವಿಯನ್ನೇ ಬೈದುಕೊಂಡಿದ್ದಳು.

ಈ ಚಿತ್ರಗಳಿಗೆ ಕೆಲವು ತಿಂಗಳ ಮೊದಲಿನ ಆ ಶನಿವಾರವೂ ಅವನು ತಟ್ಟಲಿಲ್ಲ. ಮನೆಯಲ್ಲಿ ಹೆಂಡತಿ ತವರಿಗೆ ಹೋಗಲು ಸಿದ್ಧಳಾಗಿದ್ದಳು, ಬಸ್ಸು ಹತ್ತಿಸಬೇಕಾಗಿತ್ತು. ತಗಡಿನ ಮೇಲೆ ಕ್ರೇಯಾನು ಜಾರಿತು, ಸೊನ್ನೆ ಸ್ವಲ್ಪ ಉದ್ದವಾಯಿತು. ಗೆರೆ ಎಳೆಯುತ್ತಿದ್ದಾಗ ಒಳಗೆ ಠಣ್ ಎಂದಿತು. ಲೋಟ ಬಿದ್ದ ಹಾಗೆ. ಸ್ವಲ್ಪ ಬಿಟ್ಟು ಮತ್ತೆ. ಲೋಟ ಬಿದ್ದರೆ ಒಂದು ಸಲ ಬೀಳುತ್ತದೆ, ಉರುಳುತ್ತದೆ, ಸುಮ್ಮನಾಗುತ್ತದೆ. ಇದು ಹಾಗಲ್ಲ, ಯಾರೋ ನೆಲಕ್ಕೆ ಬಡಿಯುತ್ತಿದ್ದ ಹಾಗಿತ್ತು. ನೆರಳು ಕಂಡುಬಿಟ್ಟಳು, ಕರೆಯುತ್ತಿದ್ದಾಳೆ, ಇನ್ನು ಸಿಕ್ಕಿಬಿದ್ದರೆ ಗುಂಡಿಗಳ ಪುರಾಣ ಎಂದುಕೊಂಡು ಕಾಲಿಗೆ ಬುದ್ಧಿ ಹೇಳಿದ. ಓಣಿಯ ತಿರುವಿನಲ್ಲಿ ತಾನು ಗೆದ್ದೆನೆಂಬಂತೆ ಮುಗುಳ್ನಕ್ಕದ್ದೂ ನೆನಪಿದೆ. ಆ ನಗುವನ್ನೇ ಈಗ ಅವನಿಗೆ ತಡೆದುಕೊಳ್ಳಲು ಆಗದು. ಅದಾದ ಮೂರ್ನಾಲ್ಕು ದಿನಕ್ಕೆ ಓಣಿಯಲ್ಲಿ ಜನ ಸೇರಿದ್ದರು, ಬಾಗಿಲ ಚಿಲಕ ಮುರಿದಿದ್ದರು, ಅಜ್ಜಿ ಒಳಗೆ ಬಿದ್ದಲ್ಲೇ ಹೋಗಿಬಿಟ್ಟಿದ್ದಳು. ಅವನೂ ಹೋಗಿ ಹಿಂದೆ ನಿಂತಿದ್ದ. ಎದುರುಮನೆಯಾಕೆ ಸೆರಗಿನಲ್ಲಿ ಮೂಗು ಒತ್ತಿಕೊಂಡು ಬಂದವರಿಗೆಲ್ಲ ಹೇಳುತ್ತಿದ್ದಳು: "ಬಾಗಿಲ ಮೇಲೆ ಗುರುತು ಇತ್ತಲ್ಲ, ಮಗನ ಮನೆಗೆ ಹೋಗಿದಾಳೆ ಅಂದ್ಕೊಂಡ್ವಿ. ಹಾಲಿನವನೂ ಹಾಗೇ ಅಂದ್ಕೊಂಡ. ಇಲ್ಲದಿದ್ರೆ ಒಂದು ಸಲ ಕೂಗಿ ನೋಡ್ತಾ ಇರಲಿಲ್ವಾ?" ಯಾರೂ ಅವನತ್ತ ತಿರುಗಲಿಲ್ಲ. ಗುರುತು ಹಾಕಿದವನದು ತಪ್ಪು ಎಂದು ಯಾರಿಗೂ ಅನ್ನಿಸಲಿಲ್ಲ. ತಟ್ಟಿರುತ್ತಾನೆ, ಉತ್ತರ ಬಂದಿರುವುದಿಲ್ಲ. ನೀರು ಬೇಕೆ ಎಂದು ಅವನನ್ನೇ ಯಾರೋ ಕೇಳಿದರು, ಮುಖ ಅಷ್ಟು ಬಿಳಿಚಿಕೊಂಡಿತ್ತು.

"ಏನ್ರೀ, ಗೋಡೆ ನೋಡ್ಕೊಂಡೇ ಕೂತಿದೀರಿ? ಸಿನಿಮಾ ಬರ್ತಿದೆಯಾ?" ಎಂದಳು ಹೆಂಡತಿ. ಟ್ಯಾಂಕಿನ ಬಳಿಯಿಂದ ಬಂದಾಗಿನಿಂದ ಅವನು ಮನೆಯ ಗೋಡೆಯನ್ನೇ ನೋಡುತ್ತಿದ್ದ. ನಾಳೆ ಬೆಳಿಗ್ಗೆ ಎದ್ದರೆ ಇಲ್ಲಿಯೂ ಒಂದು ಕಣ್ಣು ತೆರೆದಿದ್ದರೆ? ಅವಳಿಗೆ ಹೇಳಿಬಿಡಬಹುದಿತ್ತು. ಎಷ್ಟೋ ಸಲ ನಾಲಿಗೆಯ ತುದಿಗೆ ಬಂದದ್ದಿದೆ. ಆದರೆ ಅವಳು ಎಲ್ಲರಿಗೂ ಹೇಳಿಕೊಳ್ಳುತ್ತಾಳೆ: ನಮ್ಮವರು ದುಡಿದು ತರುವುದು ಕಡಿಮೆಯಿರಬಹುದು, ಇರುವೆಗೂ ನೋವು ಮಾಡುವವರಲ್ಲ. ಆ ಒಂದು ಮಾತಿನ ನೆರಳಿನಲ್ಲಿ ಅವನು ಊಟ ಮಾಡುತ್ತಾನೆ, ಮಲಗುತ್ತಾನೆ. ಅದು ಹೋದರೆ ತನಗೆ ಈ ಮನೆಯಲ್ಲಿ ನಿಲ್ಲಲು ಜಾಗವಿಲ್ಲ ಎಂದು ಅವನಿಗೆ ಗೊತ್ತು. "ತಲೆ ನೋಯ್ತಿದೆ" ಎಂದ. ಅವಳು ಹಣೆ ಮುಟ್ಟಿ ನೋಡಿದಳು.

ಈ ಚಿತ್ರಗಳನ್ನೆಲ್ಲ ಬರೆಯುತ್ತಿದ್ದ ಬಣ್ಣದ ಹುಡುಗಿಯನ್ನು ಅವನು ಹುಡುಕಿಕೊಂಡು ಹೋಗಲಿಲ್ಲ, ಟ್ಯಾಂಕಿನ ಬಳಿ ತಾನಾಗಿ ಸಿಕ್ಕಳು. ಏಣಿಯ ಮೇಲೆ ನಿಂತು ಕೊನೆಯ ಎಲೆಗೆ ಹಸಿರು ತುಂಬುತ್ತಿದ್ದಳು, ಕೂದಲಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಮೊಣಕೈಯವರೆಗೂ ಬಣ್ಣ. ತನ್ನನ್ನು ಹಿಡಿಯಲೆಂದೇ ಹೊರಟ ಯಾರನ್ನೋ ಊಹಿಸಿಕೊಂಡಿದ್ದವನಿಗೆ ತನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಷ್ಟೇ ಎನ್ನಿಸಿ ನಿರಾಳವೂ ಆಯಿತು, ಅವಮಾನವೂ ಆಯಿತು. ಏಣಿಯ ಬುಡಕ್ಕೆ ಹೋಗಿ ಕೇಳಿದ.

"ಅದು... ಆ ಸೊನ್ನೆ ಏನಮ್ಮ?"

"ಅದಾ ಅಂಕಲ್? ಅದು ನಂದಲ್ಲ, ನಿಮ್ಮ ಬಡಾವಣೆದೇ." ಅವಳು ಏಣಿಯಿಂದಲೇ ನಕ್ಕಳು. "ನಾವು ಹೊಸ ಜಾಗಕ್ಕೆ ಹೋದ್ರೆ ಮೊದಲು ಗೋಡೆ ಮೇಲೆ ಆಗಲೇ ಏನಿದೆ ಅಂತ ನೋಡ್ತೀವಿ. ಬಿರುಕು, ಕಲೆ, ಮೊಳೆ, ಏನೇ ಇರಲಿ, ಅಳಿಸಲ್ಲ, ಸೇರಿಸ್ಕೊಳ್ತೀವಿ. ಇಲ್ಲಿ ಎಲ್ಲ ಬಾಗಿಲಲ್ಲೂ ಇದೇ ಇತ್ತು. ಎಷ್ಟು ಚೆನ್ನಾಗಿದೆ ನೋಡಿ, ಮುಚ್ಚಿದ ಕಣ್ಣಿನ ಹಾಗೆ. ಯಾರು ಬರೆದಿರೋದು, ಏನರ್ಥ, ನಿಮಗೆ ಗೊತ್ತಾ?"

"ಮಕ್ಕಳು ಗೀಚಿರಬೇಕು" ಎಂದ.

"ಮಕ್ಕಳ ಕೈ ಅಲ್ಲ ಅಂಕಲ್ ಇದು. ಒಂದೇ ಕೈ. ಅವಸರದ ಕೈ." ಅವಳು ಕುಂಚವನ್ನು ಗಾಳಿಯಲ್ಲಿ ಎಡದಿಂದ ಬಲಕ್ಕೆ ಎಳೆದು ತುದಿಯಲ್ಲಿ ಬಾಗಿಸಿ ತೋರಿಸಿದಳು. ಅವನು ತನ್ನ ಬಲಗೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. "ನಾಳೆ ಕೊನೇ ಗೋಡೆ. ಆ ಓಣಿ ತುದಿಯಲ್ಲಿ ತಗಡಿನ ಬಾಗಿಲ ಮನೆ ಇದೆಯಲ್ಲ, ಅಲ್ಲಿದ್ದ ಅಜ್ಜಿದು. ಅವರ ಮಗನೇ ಕೇಳಿದಾರೆ, ಅಮ್ಮನ ಚಿತ್ರ ಬರೀರಿ ಅಂತ. ಬಾಗಿಲ ಮೇಲೆ ಗುರುತು ಇನ್ನೂ ಇದೆ, ಗೊತ್ತಾ? ಇರೋದ್ರಲ್ಲೆಲ್ಲ ದೊಡ್ಡದು. ಅದನ್ನ ಹಾಗೇ ಬಿಟ್ಟು, ಅದರ ಪಕ್ಕದಲ್ಲೇ ಅಜ್ಜಿ ಮುಖ."

ಮಾರನೆಯ ದಿನ ಅವನು ಆ ಓಣಿಗೆ ಹೋಗಬೇಕಾಗಿರಲಿಲ್ಲ, ಓದುವ ಸರದಿ ಮುಂದಿನ ವಾರದ್ದು. ಆದರೂ ಊಟದ ಹೊತ್ತು ನೋಡಿಕೊಂಡು ಹೋದ, ಓಣಿ ಖಾಲಿಯಿತ್ತು. ಬಾಗಿಲ ಪಕ್ಕದ ಗೋಡೆಗೆ ಬಿಳಿ ಬಳಿದಾಗಿತ್ತು, ಸೀಸದ ಕಡ್ಡಿಯಲ್ಲಿ ಅಜ್ಜಿಯ ಮುಖ ಎಳೆದಾಗಿತ್ತು. ಕಣ್ಣು ಇನ್ನೂ ಇರಲಿಲ್ಲ. ಏಣಿ, ಡಬ್ಬಿಗಳು ಅಲ್ಲೇ ಇದ್ದವು, ಹುಡುಗಿ ಎಲ್ಲಿಗೋ ಹೋಗಿದ್ದಳು. ಅವನು ಕರವಸ್ತ್ರವನ್ನು ಬಾಟಲಿಯ ನೀರಿನಲ್ಲಿ ನೆನೆಸಿಕೊಂಡು ಗುರುತನ್ನು ಉಜ್ಜಿದ. ಮೇಣದ ಬಣ್ಣ ಹೋಗಲಿಲ್ಲ, ಹರಡಿತು. ಇನ್ನೂ ಜೋರಾಗಿ ಉಜ್ಜಿದ, ಉಗುರಿನಿಂದ ಕೆರೆದ, ಕರವಸ್ತ್ರ ನೀಲಿಯಾಯಿತು, ಬೆರಳು ನೀಲಿಯಾದವು, ಸೊನ್ನೆ ಮಾತ್ರ ಮೊದಲಿಗಿಂತ ಅಗಲವಾಗಿ ಅಲ್ಲೇ ಇತ್ತು. ಯಾಕೆ ಕೆರೆಯುತ್ತಿದ್ದೇನೆ? ಇಷ್ಟು ತಿಂಗಳು ಮಳೆ ಬಂತು, ಬಿಸಿಲು ಬಂತು, ಯಾರಾದರೂ ಏನಾದರೂ ಕೇಳಿದರಾ? ಇಲ್ಲವಲ್ಲ. ಸುಮ್ಮನೆ ಹೊರಟುಹೋದರೆ ಆಯಿತು. ಕೈ ಮಾತ್ರ ಕೇಳಲಿಲ್ಲ, ಉಜ್ಜುತ್ತಲೇ ಇತ್ತು. ಹಿಂದೆ ಯಾರೋ ಉಸಿರಾಡುತ್ತಿರುವುದು ಅವನಿಗೆ ಗೊತ್ತಾದದ್ದು ತಡವಾಗಿ.

"ನೀವೇ ಅಲ್ವಾ, ಮೀಟರಿನವರು?"

ಅಜ್ಜಿಯ ಮಗ. ಕೈಯಲ್ಲಿ ಊಟದ ಪೊಟ್ಟಣಗಳು. ಅವನ ಹಿಂದೆ ಬಣ್ಣದ ಹುಡುಗಿ. ಇವನು ಕರವಸ್ತ್ರವನ್ನು ಜೇಬಿಗೆ ತುರುಕಿದ. ನೀಲಿ ಕೈಯನ್ನು ಎಲ್ಲಿ ಇಡುವುದು ತಿಳಿಯದೆ ಎದೆಯ ಹತ್ತಿರ ಹಿಡಿದುಕೊಂಡು ನಿಂತ. ಈಗ ಆಯಿತು, ಈಗ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡ. ಆ ಯೋಚನೆಯಲ್ಲಿ ಎಲ್ಲೋ ಒಂದು ಸಮಾಧಾನವೂ ಇತ್ತು. ಆದರೆ ಮಗನ ಕಣ್ಣುಗಳು ತುಂಬಿಕೊಂಡವು.

"ನಿಮಗೂ ನೋಡೋಕ್ಕಾಗ್ತಿಲ್ಲ ಅಲ್ವಾ ಅದನ್ನ? ನನಗೆ ಗೊತ್ತು. ನನಗೂ ಎಷ್ಟೋ ಸಲ ಕಿತ್ತು ಹಾಕಬೇಕು ಅನ್ನಿಸಿದೆ." ಅವನು ಪೊಟ್ಟಣಗಳನ್ನು ಜಗಲಿಯ ಮೇಲಿಟ್ಟ. "ಆದ್ರೆ ಇರಲಿ ಅಂತ ಬಿಟ್ಟಿದೀನಿ. ಶಿಕ್ಷೆ ನನಗೆ ಬೇಕು. ಭಾನುವಾರ ಬರ್ತೀನಿ ಅಂತ ಹೇಳಿದ್ದೆ ಅಮ್ಮನಿಗೆ. ಬರಲಿಲ್ಲ. ಏನೂ ಕೆಲಸ ಇರಲಿಲ್ಲ, ಸುಮ್ಮನೆ ಸೋಮಾರಿತನ. ಬಿದ್ದ ಕೂಡಲೇ ಹೋಗಿರಲಿಕ್ಕಿಲ್ಲ, ಸ್ವಲ್ಪ ಕಾಲ ಇದ್ದಿರಬಹುದು ಅಂದ್ರು ಡಾಕ್ಟ್ರು. ಯಾವತ್ತು ಬಿದ್ದಳು ಅಂತ ಹೇಳೋಕ್ಕೆ ಅವರಿಗೂ ಆಗಲಿಲ್ಲ. ಭಾನುವಾರ ನಾನು ಬಂದಿದ್ರೆ..." ಆಮೇಲೆ ಅವನು ಹತ್ತಿರ ಬಂದು, ಸಾಲ ಕೇಳುವವನ ದನಿಯಲ್ಲಿ ಕೇಳಿದ: "ನೀವು ಶನಿವಾರ ಬಂದಿದ್ರಿ ಅಲ್ವಾ. ತಟ್ಟಿದಾಗ ಒಳಗಿಂದ ಏನೂ ಕೇಳಿಸಲಿಲ್ವಾ? ಒಂದು ಚೂರೂ? ಅಂದ್ರೆ ಶನಿವಾರವೇ ಎಲ್ಲ ಮುಗಿದಿತ್ತು ಅಂತ ಅಲ್ವಾ? ನಿಮ್ಮನ್ನ ಹುಡುಕಬೇಕು, ಕೇಳಬೇಕು ಅಂತ ಎಷ್ಟು ದಿನದಿಂದ ಅಂದ್ಕೋತಿದೀನಿ, ಧೈರ್ಯವೇ ಬರಲಿಲ್ಲ."

ಓಣಿಯಲ್ಲಿ ಯಾರ ಮನೆಯಲ್ಲೋ ಕುಕ್ಕರು ಕೂಗಿತು. ನಿಜ ಹೇಳಿದರೆ ಈ ಮನುಷ್ಯ ಇಬ್ಬರನ್ನು ಹೊತ್ತುಕೊಂಡು ಬದುಕಬೇಕು, ಬಾರದ ತನ್ನನ್ನೂ ತಟ್ಟದ ಇವನನ್ನೂ. ಸುಳ್ಳು ಹೇಳಿದರೆ ಇಬ್ಬರಿಗೂ ಬಿಡುಗಡೆ. ಹೀಗೆ ಯೋಚಿಸಿಯೇ ಮಾತಾಡಿದೆ ಎಂದು ಅವನು ಆಮೇಲೆ ತನಗೆ ತಾನು ಹೇಳಿಕೊಳ್ಳಲು ನೋಡಿದ್ದುಂಟು. ಹಾಗೇನೂ ಇರಲಿಲ್ಲ. ಬಾಯಿ ತಾನಾಗಿ ತೆರೆಯಿತು, ಬಾಗಿಲ ಮೇಲೆ ಗುರುತು ಹಾಕುವ ಕೈಯಷ್ಟೇ ಅವಸರದಲ್ಲಿ.

"ತಟ್ಟಿದೆ" ಎಂದ. "ಜೋರಾಗೇ ತಟ್ಟಿದೆ. ಎರಡು ಮೂರು ಸಲ ಅಜ್ಜೀ ಅಂತ ಕೂಗಿದೆ. ಏನೂ ಕೇಳಿಸಲಿಲ್ಲ."

ಮಗ ಜಗಲಿಯ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ದೊಡ್ಡ ಗಂಡಸು ಭುಜ ಕುಲುಕಿಸಿ ಅಳುವುದನ್ನು ನೋಡುವುದು ಕಷ್ಟ, ಅದೂ ಸಮಾಧಾನದ ಅಳುವನ್ನು. ಆಮೇಲೆ ಎದ್ದು ಅವನ ನೀಲಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಮ್ಮನ ಬಾಗಿಲಿಗೆ ಬಂದವರು ನೀವೊಬ್ಬರೇ" ಎಂದ. "ಎಲ್ಲರೂ ಗುರುತು ನೋಡ್ಕೊಂಡು ಹೋದ್ರು, ನಾನು ಅದನ್ನ ನೋಡೋಕ್ಕೂ ಬರಲಿಲ್ಲ. ತಟ್ಟಿದ ಕೈ ಇದೊಂದೇ." ತಟ್ಟನೆ ಅವನ ಮುಖ ಅರಳಿತು, ಹುಡುಗಿಯತ್ತ ತಿರುಗಿದ. "ಏನಮ್ಮ, ಇವರನ್ನೂ ಬರೀಬಹುದಲ್ವಾ? ಅಮ್ಮನ ಪಕ್ಕದಲ್ಲಿ, ಬಾಗಿಲು ತಟ್ತಾ ಇರೋ ಹಾಗೆ."

"ಬೇಡ, ಬೇಡ, ನನ್ನ ಮುಖ ಯಾಕೆ?" ಎಂದು ಅವನು ಹಿಂದೆ ಸರಿದ.

"ಮುಖ ಬೇಡ ಅಂಕಲ್, ಕೈ ಸಾಕು" ಎಂದಳು ಹುಡುಗಿ. ಅವಳು ಅವನ ನೀಲಿ ಬೆರಳುಗಳನ್ನೇ ನೋಡುತ್ತಿದ್ದಳು. ಗುರುತು ಯಾರದೆಂದು ಅವಳಿಗೆ ಈಗ ಗೊತ್ತಾಗಿತ್ತು, ಅದನ್ನು ಕಂಡುಹಿಡಿದ ಸಂತೋಷವಷ್ಟೇ ಅವಳ ಮುಖದಲ್ಲಿತ್ತು. "ಎಷ್ಟು ದೊಡ್ಡದಾಗಿ ಬರೀಬಹುದು ಗೊತ್ತಾ? ಗೋಡೆ ಪೂರ್ತಿ. ಬನ್ನಿ, ಇಲ್ಲಿ ನಿಲ್ಲಿ. ಕೈ ಎತ್ತಿ. ಇನ್ನೂ ಸ್ವಲ್ಪ."

ಅವನು ನಿಂತ. ಓಡಿಹೋಗಬೇಕು ಎಂದು ಕಾಲುಗಳಿಗೆ ಅನ್ನಿಸುತ್ತಿತ್ತು, ಮಗನ ಕೈ ಅವನ ಹೆಗಲ ಮೇಲಿತ್ತು. ಇನ್ನು ಪ್ರತಿ ತಿಂಗಳು ಯಂತ್ರ ಹಿಡಿದುಕೊಂಡು ಈ ಓಣಿಗೆ ಬರಬೇಕು, ಬಂದಾಗಲೆಲ್ಲ ತಾರಸಿಯೆತ್ತರದ ತನ್ನ ಕೈ ಇಲ್ಲಿ ಬಾಗಿಲು ತಟ್ಟುತ್ತಿರುತ್ತದೆ. ಹೆಂಡತಿ ಬಂದು ನೋಡುತ್ತಾಳೆ. ಮಗಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾಳೆ.

"ಬೆರಳು ಸುಳ್ಳು ಸುಳ್ಳಾಗಿ ಕಾಣ್ತಿದೆ ಅಂಕಲ್. ನಿಜವಾಗಿ ತಟ್ಟಿ, ಆವತ್ತು ತಟ್ಟಿದ ಹಾಗೆ."

ಅವನು ಗೆಣ್ಣುಗಳನ್ನು ಬಾಗಿಲಿಗೆ ತಾಗಿಸಿದ.

"ಹಾಗಲ್ಲ, ಜೋರಾಗಿ."

ಅವನು ತಟ್ಟಿದ. ತಗಡು ಗುಡುಗಿತು. ಖಾಲಿ ಮನೆಯ ಒಳಗೆಲ್ಲ ಆ ಸದ್ದು ಓಡಾಡಿ ವಾಪಸು ಬಂತು, ತಾರಸಿಯ ಅಂಚಿನಲ್ಲಿ ಕೂತಿದ್ದ ಪಾರಿವಾಳಗಳು ಎದ್ದು ಹಾರಿದವು. ಎದುರುಮನೆಯಾಕೆ ಒದ್ದೆಗೈಯಲ್ಲೇ ಹೊರಗೆ ಓಡಿಬಂದಳು.

"ಅಯ್ಯೋ, ಏನಿದು ಸದ್ದು! ನಲ್ಲಿ ಬಿಟ್ಕೊಂಡು ಪಾತ್ರೆ ತೊಳೀತಾ ಇದ್ದೆ, ಅಲ್ಲಿಗೂ ಕೇಳಿಸ್ತು. ಏನೋ ಆಯ್ತು ಅಂತ ಎದೆ ಹಾರಿಹೋಯ್ತು."

"ಏನಿಲ್ಲ ಅಕ್ಕ" ಎಂದ ಮಗ, ಒದ್ದೆ ಕಣ್ಣಲ್ಲೇ ನಗುತ್ತ. "ಆ ಶನಿವಾರ ಇವರು ಹೀಗೇ ತಟ್ಟಿದ್ರಂತೆ. ಅದನ್ನೇ ಬರೆಸ್ತಾ ಇದೀವಿ."

"ಹೀಗೇ ತಟ್ಟಿದ್ರಾ?" ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಶನಿವಾರ ನಾನು ಎಲ್ಲೂ ಹೋಗಿರಲಿಲ್ಲ. ಜ್ವರ ಅಂತ ಈ ಮುಂದಿನ ಕೋಣೇಲೇ ಮಲಗಿದ್ದೆ, ನಿದ್ದೆಯೂ ಹತ್ತಿರಲಿಲ್ಲ. ಸಂಜೆ ಎದ್ದು ಬಂದು ಗುರುತು ನೋಡಿ, ಮೀಟರಣ್ಣ ಯಾವಾಗ ಬಂದು ಹೋದ್ನಪ್ಪಾ, ಒಂದು ಸದ್ದೂ ಇಲ್ಲ ಅಂದ್ಕೊಂಡೆ..."

ಅವಳು ಬಾಗಿಲನ್ನು ನೋಡಿದಳು, ಅವನ ಕೈಯನ್ನು ನೋಡಿದಳು. ಹೆಗಲ ಮೇಲಿದ್ದ ಮಗನ ಕೈ ಅಲ್ಲೇ ಇತ್ತು, ಆದರೆ ಅದರ ಭಾರ ಬದಲಾಯಿತು. ಸೀಸದ ಕಡ್ಡಿ ಗೋಡೆಯ ಮೇಲೆ ಸರಬರ ಓಡುತ್ತಿತ್ತು.

"ಅಂಕಲ್, ಕೈ ಇಳಿಸಬೇಡಿ" ಎಂದಳು ಹುಡುಗಿ, ಗೋಡೆಯಿಂದ ಕಣ್ಣು ತೆಗೆಯದೆ.

ಅವನು ಇಳಿಸಲಿಲ್ಲ.